ಐದು ದಿನದ ಪ್ರಯೋಗ, ಹದಿನೇಳು ವರ್ಷದ ಸುತ್ತಾಟ: ಆರ್ಯಭಟನ ಲೆಕ್ಕ

ಲೆಕ್ಕಶಾಸ್ತ್ರದ ತರಗತಿಯಲ್ಲಿ ಸವಕಳಿ ಪಾಠದ ಪುನರಾವರ್ತನೆ ನಡೆದಿತ್ತು. ಒಂದು ಯಂತ್ರದ ಆಯುಷ್ಯ ಯಾವಾಗ ಮುಗಿಯಿತು ಎಂದು ಹೇಳುವುದು ಹೇಗೆ ಎಂದು ಸರ್ ಕೇಳಿದರು. ಕೆಲವರು ಕೆಟ್ಟು ನಿಂತಾಗ ಎಂದರು, ಕೆಲವರು ಗುಜರಿಗೆ ಹಾಕಿದಾಗ ಎಂದರು. ನಾನು ಎದ್ದು ನಿಂತು ಆರ್ಯಭಟ ಉಪಗ್ರಹದ ಹೆಸರು ಹೇಳಿದೆ. ಪಕ್ಕದ ಬೆಂಚಿನ ಗೆಳೆಯ ತಕ್ಷಣ, "ಅದು ಕೆಲಸ ಮಾಡಿದ್ದೇ ಐದು ದಿನ. ಮೂರು ಕೋಟಿ ನೀರಿಗೆ ಹೋಯ್ತು. ನಷ್ಟ ಅಂತ ಬರೆದು ಖಾತೆ ಮುಚ್ಚಬೇಕು ಅಷ್ಟೇ" ಎಂದ. ಇಡೀ ತರಗತಿ ನಕ್ಕಿತು. ಗಂಟೆ ಬಾರಿಸಿತು. ನನಗೆ ಉತ್ತರ ಕೊಡಲು ಸಮಯ ಸಿಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಾಣಿಜ್ಯ ವಿಭಾಗದವರಿಗೆ ಉಪಗ್ರಹದ ಗೊಡವೆ ಏಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ನನಗೆ ಇದು ಅಂಟಿಕೊಂಡಿದ್ದು ನನ್ನ ತಮ್ಮನಿಂದ. ರಂಜಾನ್ ಚಂದ್ರನನ್ನು ನೋಡಲು ಸಂಜೆ ಎಲ್ಲರೂ ಮಾಳಿಗೆ ಏರಿದ್ದೆವು. ಪಶ್ಚಿಮಕ್ಕೆ ಕಣ್ಣು ನೆಟ್ಟು ನಿಂತಿದ್ದಾಗ ಒಂದು ಚುಕ್ಕಿ ಮಿನುಗದೆ, ಸದ್ದಿಲ್ಲದೆ, ಒಂದೇ ವೇಗದಲ್ಲಿ ಹೋಗುತ್ತಿರುವುದು ಕಂಡಿತು. ಉಪಗ್ರಹ ಎಂದೆ. ತಮ್ಮ ಕೇಳಿದ್ದು ಒಂದೇ ಮಾತು: "ವೋ ಗಿರ್ತಾ ನೈ ಕ್ಯಾ?" ಅದು ಬೀಳುವುದಿಲ್ಲವೇ? ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನಾನಿ ಒಳಗೆ ಹೋಗಿ ತನ್ನ ಟ್ರಂಕಿನಿಂದ ಹಳೆಯ ಎರಡು ರೂಪಾಯಿ ನೋಟು ತಂದು ತೋರಿಸಿದಳು. ಅದರ ಹಿಂಭಾಗದಲ್ಲಿ ಹಲವು ಮುಖಗಳ ಒಂದು ವಸ್ತುವಿನ ಚಿತ್ರವಿದೆ. ಅದೇ ಆರ್ಯಭಟ. ನೋಟಿನ ಮೇಲೆ ಅಚ್ಚು ಹಾಕಿಸುವಷ್ಟು ದೊಡ್ಡದೇನನ್ನು ಅದು ಮಾಡಿತು ಎಂದು ಅಂದಿನಿಂದ ಹುಡುಕತೊಡಗಿದೆ.

ಆರ್ಯಭಟ ಭಾರತ ತಯಾರಿಸಿದ ಮೊದಲ ಉಪಗ್ರಹ. ತಯಾರಾದದ್ದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ತಂಡದ ಮುಖ್ಯಸ್ಥರು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್. ತಂಡದಲ್ಲಿದ್ದ ಬಹುತೇಕರು ಹೊಸ ಹುಡುಗರು. ಉಪಗ್ರಹವನ್ನು ಕಟ್ಟಿದ್ದಿರಲಿ, ಕಣ್ಣಾರೆ ಕಂಡವರೂ ಅವರಲ್ಲಿ ಇರಲಿಲ್ಲವೆನ್ನಬೇಕು. ಜಾಗದ ಕೊರತೆ ಎಷ್ಟಿತ್ತೆಂದರೆ, ಬೆಂಗಳೂರಿನಲ್ಲಿ ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರಕ್ಕಾಗಿ ಒಂದು ಶೌಚಾಲಯವನ್ನೇ ಬದಲಾಯಿಸಿಕೊಂಡರು. ಇದನ್ನು ರಾವ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಖರ್ಚಿನ ಅಂದಾಜು ಸುಮಾರು 3 ಕೋಟಿ ರೂಪಾಯಿ. ಆಗ ನಮ್ಮ ಹತ್ತಿರ ಅದನ್ನು ಹಾರಿಸುವ ರಾಕೆಟ್ ಇರಲಿಲ್ಲ. 1972ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. 1975ರ ಏಪ್ರಿಲ್ 19ರಂದು ಅಲ್ಲಿನ ಕಪುಸ್ತಿನ್ ಯಾರ್ ಎಂಬಲ್ಲಿಂದ ಅವರ ರಾಕೆಟ್ ನಮ್ಮ ಆರ್ಯಭಟನನ್ನು ಹೊತ್ತು ಹಾರಿತು.

ತೂಕ 360 ಕಿಲೋ. ಈಗಿನ ಲೆಕ್ಕದಲ್ಲಿ 500 ಕಿಲೋಗಿಂತ ಕಡಿಮೆ ಇದ್ದರೆ ಸಣ್ಣ ಉಪಗ್ರಹ ಎನ್ನುತ್ತಾರೆ. ಇಪ್ಪತ್ತಾರು ಮುಖಗಳು, ಮೈಮೇಲೆಲ್ಲ ಸೌರಕೋಶಗಳು. ಇಷ್ಟೆಲ್ಲ ಇದ್ದೂ ಅದರ ವಿದ್ಯುತ್ ಬರೀ 46 ವ್ಯಾಟ್. ನಮ್ಮ ಮನೆಯ ಹಳೆಯ ಸೀಲಿಂಗ್ ಫ್ಯಾನ್ ಇದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ.

ಅದು ಭೂಮಿಯಿಂದ ಸುಮಾರು 600 ಕಿ.ಮೀ. ಎತ್ತರದಲ್ಲಿ ಸುತ್ತತೊಡಗಿತು. ಒಂದು ಸುತ್ತಿಗೆ 96 ನಿಮಿಷ. ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ. ಅಬ್ಬಾ ತನ್ನ ಟಂಟಂನಲ್ಲಿ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರು ಮುಟ್ಟಲು ಪ್ಯಾಸೆಂಜರ್ ಹತ್ತಿಸಿ ಇಳಿಸಿ ಎರಡು ತಾಸು ತೆಗೆದುಕೊಳ್ಳುತ್ತಾನೆ. ಆರ್ಯಭಟನಿಗೆ ಅಷ್ಟು ದೂರಕ್ಕೆ ಹತ್ತು ಸೆಕೆಂಡೂ ಬೇಡ. ಅದರ ದಾರಿ ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 51 ಡಿಗ್ರಿಯವರೆಗೆ ಹೋಗಿ ಬರುತ್ತಿತ್ತು. ನಮ್ಮ ರಾಯಚೂರು ಜಿಲ್ಲೆಯ ನೆತ್ತಿಯ ಮೇಲೂ ಅದು ಎಷ್ಟೋ ಸಲ ಹಾದುಹೋಗಿರಲೇಬೇಕು.

ಇನ್ನು ಗೆಳೆಯ ಹೇಳಿದ ಐದು ದಿನದ ವಿಷಯ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಉಪಗ್ರಹದಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಆಕಾಶದಿಂದ ಬರುವ ಕ್ಷ-ಕಿರಣ, ಸೂರ್ಯ, ಭೂಮಿಯ ಮೇಲಿನ ವಾತಾವರಣ, ಈ ಮೂರರ ಅಧ್ಯಯನ. ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಐದನೆಯ ದಿನದ ಹೊತ್ತಿಗೆ ಈ ಪ್ರಯೋಗಗಳು ನಿಂತವು. ನಿಂತದ್ದು ಪ್ರಯೋಗಗಳು, ಉಪಗ್ರಹವಲ್ಲ. ಅದರ ಮೂಲ ವ್ಯವಸ್ಥೆ 1981ರ ಮಾರ್ಚ್‌ವರೆಗೆ ಜೀವಂತವಾಗಿತ್ತು ಎಂದು ಇಸ್ರೋ ದಾಖಲಿಸಿದೆ. ಮೊದಲು ಅಂದಾಜು ಮಾಡಿದ್ದ ಆಯುಷ್ಯ ಎಷ್ಟು ಗೊತ್ತೇ? ಆರು ತಿಂಗಳು. ಕೊನೆಗೆ 1992ರ ಫೆಬ್ರವರಿ 10ರಂದು ಅದು ವಾತಾವರಣಕ್ಕೆ ಮರಳಿ ಉರಿದುಹೋಯಿತು.

ಹಾಗಾದರೆ ಈ ಒಂದು ವಸ್ತುವಿಗೆ ನಾಲ್ಕು ಆಯುಷ್ಯ: ಪ್ರಯೋಗಗಳದ್ದು ಐದು ದಿನ, ಕಾಗದದ ಮೇಲಿನದು ಆರು ತಿಂಗಳು, ಯಂತ್ರದ್ದು ಸುಮಾರು ಆರು ವರ್ಷ, ದೇಹದ್ದು ಹದಿನೇಳು ವರ್ಷಕ್ಕೆ ಎರಡು ತಿಂಗಳು ಕಡಿಮೆ. ನಾನು ದಿನ ಎಣಿಸಿದೆ, 6,141 ದಿನ ಬಂತು. ದಿನಕ್ಕೆ 15 ಸುತ್ತು ಹಿಡಿದರೆ 92 ಸಾವಿರ ಸುತ್ತು. ಐದು ದಿನ ಇದರಲ್ಲಿ ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ.

ಈಗ ನಮ್ಮ ಪಾಠಕ್ಕೆ ಬರೋಣ. ಸವಕಳಿ ಲೆಕ್ಕ ಹಾಕಲು ಮೂರು ಸಂಗತಿ ಬೇಕು: ಕೊಂಡ ಬೆಲೆ, ಉಪಯುಕ್ತ ಆಯುಷ್ಯ, ಕೊನೆಯ ಗುಜರಿ ಬೆಲೆ. ಎರಡು ಲಕ್ಷಕ್ಕೆ ಕೊಂಡ ಟಂಟಂ ಆರು ವರ್ಷ ದುಡಿಯುತ್ತದೆ, ಕೊನೆಗೆ ಇಪ್ಪತ್ತು ಸಾವಿರ ಬರುತ್ತದೆ ಎಂದುಕೊಳ್ಳಿ. ಉಳಿದ 1,80,000ವನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ 30,000. ಪ್ರತಿ ವರ್ಷ ಅಷ್ಟು ಸವಕಳಿ ಕಳೆಯುತ್ತಾ ಹೋದರೆ ಆರನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಗುಜರಿ ಬೆಲೆ ಮಾತ್ರ. ಇದು ಸ್ಥಿರ ಕಂತಿನ ವಿಧಾನ.

ಆದರೆ ಉಪಯುಕ್ತ ಆಯುಷ್ಯ ಎನ್ನುವುದು ಅಂದಾಜು. ನಮ್ಮ ಅಬ್ಬಾನ ಟಂಟಂ ಈಗ ಹನ್ನೊಂದನೆಯ ವರ್ಷದಲ್ಲಿದೆ. ಹೊಸ ಗಾಡಿ ವಿಚಾರಿಸಲು ಹೋದಾಗ ಒಬ್ಬರು ಅದನ್ನು ಒಮ್ಮೆ ಸುತ್ತುಹಾಕಿ ನೋಡಿ, ಇದು ತೂಕಕ್ಕೆ ಹಾಕುವ ಮಾಲು ಎಂದು ಬೆಲೆ ಕಟ್ಟಿದರು. ಅಬ್ಬಾ ಏನೂ ಹೇಳದೆ ಮನೆಗೆ ಬಂದ. ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಗಾಡಿ ಸ್ಟಾರ್ಟ್ ಮಾಡಿ ಹೊರಟ. ನನ್ನ ಈ ವರ್ಷದ ಫೀಸು ಬಂದದ್ದು ಪುಸ್ತಕದ ಪ್ರಕಾರ ಆಯುಷ್ಯ ಮುಗಿದ ಆ ಗಾಡಿಯಿಂದ. ಆದ್ದರಿಂದ ತರಗತಿಯಲ್ಲಿ ಗೆಳೆಯ "ಖಾತೆ ಮುಚ್ಚಬೇಕು" ಎಂದಾಗ ನನಗೆ ಸ್ವಲ್ಪ ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ. ಆರು ತಿಂಗಳ ಅಂದಾಜಿನ ಆರ್ಯಭಟ ಆರು ವರ್ಷ ಉಸಿರಾಡಿದ್ದೂ ಇದೇ ಜಾತಿಯ ಸಂಗತಿ.

ಗೆಳೆಯ ಇದಕ್ಕೆ ಬಗ್ಗುವವನಲ್ಲ. ಪ್ರಯೋಗ ನಿಂತ ಮೇಲೆ ಉಸಿರಾಡಿ ಏನು ಉಪಯೋಗ ಎನ್ನುತ್ತಾನೆ. ಅದಕ್ಕೆ ನೋಡಬೇಕಾದದ್ದು ಆ ಖರ್ಚನ್ನು ಏತಕ್ಕಾಗಿ ಮಾಡಿದರು ಎಂಬುದು. ಕ್ಷ-ಕಿರಣ ಅಳೆಯುವುದಷ್ಟೇ ಉದ್ದೇಶವಾಗಿರಲಿಲ್ಲ. ಉಪಗ್ರಹ ಕಟ್ಟುವುದನ್ನು ಕಲಿಯುವುದು ಅದಕ್ಕಿಂತ ದೊಡ್ಡ ಉದ್ದೇಶ. ಬಿಸಿಲಿನ ಬದಿ ಕಾದು ನೆರಳಿನ ಬದಿ ಕೊರೆಯುವ ಜಾಗದಲ್ಲಿ ಒಳಗಿನ ಯಂತ್ರವನ್ನು ಹದವಾದ ಬಿಸಿಯಲ್ಲಿ ಇಡುವುದು ಹೇಗೆ, ಅನಿಲ ಚಿಮ್ಮಿಸಿ ಬುಗುರಿಯಂತೆ ತಿರುಗಿಸಿ ಸ್ಥಿರವಾಗಿ ನಿಲ್ಲಿಸುವುದು ಹೇಗೆ, ಕೆಳಗಿನಿಂದ ಆಜ್ಞೆ ಕಳುಹಿಸಿ ಮೇಲಿನಿಂದ ಉತ್ತರ ಪಡೆಯುವುದು ಹೇಗೆ, ಇವು ಪುಸ್ತಕ ಓದಿ ಬರುವ ವಿದ್ಯೆಗಳಲ್ಲ. ಇಂಥ ಉಪಗ್ರಹಕ್ಕೆ ತಂತ್ರಜ್ಞಾನ ಪರೀಕ್ಷೆಯ ಉಪಗ್ರಹ ಎನ್ನುತ್ತಾರೆ. ಅದು ಕೆಟ್ಟರೂ ಯಾವುದು ಕೆಟ್ಟಿತು ಎಂದು ಹೇಳಿ ಕೆಡುತ್ತದೆ. ವಿದ್ಯುತ್ ಪೂರೈಕೆ ಎಲ್ಲಿ ಕೈಕೊಡುತ್ತದೆ ಎನ್ನುವುದು ಐದನೆಯ ದಿನ ಗೊತ್ತಾಯಿತು. 1979ರ ಜೂನ್‌ನಲ್ಲಿ ಭಾಸ್ಕರ-1 ಹಾರಿತು. 1981ರ ಜೂನ್‌ನಲ್ಲಿ ಸಂಪರ್ಕ ಉಪಗ್ರಹ ಆಪಲ್ ಹಾರಿತು. ಆಪಲ್‌ನ್ನು ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಫೋಟೋ ನೀವೂ ನೋಡಿರಬಹುದು. ಅದು ಬಡತನದ ಚಿತ್ರ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಆಂಟೆನಾ ಪರೀಕ್ಷೆಗೆ ಸುತ್ತಮುತ್ತ ಲೋಹ ಇರಬಾರದು, ಕಟ್ಟಿಗೆಯ ಗಾಡಿ ಅದಕ್ಕೆ ಸರಿಹೋಯಿತು.

ಲೆಕ್ಕಶಾಸ್ತ್ರದಲ್ಲಿ ಕಣ್ಣಿಗೆ ಕಾಣದ ಆಸ್ತಿ ಎಂಬುದೂ ಇದೆಯಲ್ಲ? ಗುಡ್‌ವಿಲ್, ಪೇಟೆಂಟ್ ಇತ್ಯಾದಿ. ಆರ್ಯಭಟನಿಂದ ಬಂದ ಆಸ್ತಿ ಆ ಖಾತೆಯದು. ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಸಿಕ್ಕಿದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ. ಅಶೋಕ ಎಂಬ ಹೆಸರೇ ಕೊರೆದಿರುವ ಆ ಶಾಸನ ಸಿಕ್ಕಿದ್ದರಿಂದಲೇ "ದೇವಾನಾಂಪ್ರಿಯ" ಯಾರು ಎಂಬ ಚರ್ಚೆ ತೀರಿತು. ಚಿನ್ನದ ಖಾತೆಯಲ್ಲಿ ಅದನ್ನು ಎಲ್ಲಿ ಬರೆಯುತ್ತೀರಿ?

ಈಗ ತಮ್ಮನ ಪ್ರಶ್ನೆ. ಬೀಳುತ್ತದೋ ಇಲ್ಲವೋ?

ನಿಜ ಹೇಳಬೇಕೆಂದರೆ ಉಪಗ್ರಹ ಯಾವಾಗಲೂ ಬೀಳುತ್ತಲೇ ಇರುತ್ತದೆ. ಆದರೆ ಅಡ್ಡಕ್ಕೆ ಎಷ್ಟು ವೇಗವಾಗಿ ಓಡುತ್ತದೆ ಎಂದರೆ, ಅದು ಬೀಳುವಷ್ಟರಲ್ಲಿ ಭೂಮಿಯ ಮೈ ಬಾಗಿ ದೂರ ಸರಿದಿರುತ್ತದೆ. ಹೀಗಾಗಿ ನೆಲ ಸಿಗುವುದಿಲ್ಲ. ತಡೆಯುವುದು ಏನೂ ಇಲ್ಲದಿದ್ದರೆ ಎಂದೆಂದಿಗೂ ಸುತ್ತುತ್ತಿತ್ತು. ತಡೆಯುವುದು ಗಾಳಿ. 600 ಕಿ.ಮೀ. ಎತ್ತರದಲ್ಲೂ ಗಾಳಿ ಪೂರ್ತಿ ಮುಗಿದಿರುವುದಿಲ್ಲ, ಬಹಳ ತೆಳುವಾಗಿ ಇರುತ್ತದೆ. ಆ ತೆಳು ಗಾಳಿಗೆ ಉಜ್ಜಿ ಉಜ್ಜಿ ಉಪಗ್ರಹ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ಕೆಳಗಿಳಿದಷ್ಟೂ ಗಾಳಿ ದಟ್ಟ. ದಟ್ಟವಾದಷ್ಟೂ ಇಳಿಯುವುದು ಜೋರು.

ಇದು ನಮ್ಮ ಪುಸ್ತಕದ ಯಾವ ಸವಕಳಿ ವಿಧಾನಕ್ಕೂ ಹೊಂದುವುದಿಲ್ಲ. ಸ್ಥಿರ ಕಂತಿನಲ್ಲಿ ಪ್ರತಿ ವರ್ಷ ಒಂದೇ ಸಮ. ಇಳಿಕೆ ಶಿಲ್ಕಿನ ವಿಧಾನದಲ್ಲಿ ಮೊದಲು ಹೆಚ್ಚು, ಆಮೇಲೆ ಕಡಿಮೆ. ಉಪಗ್ರಹದ್ದು ತದ್ವಿರುದ್ಧ, ಮೊದಲು ಕಡಿಮೆ, ಆಮೇಲೆ ಹೆಚ್ಚು. ತೀರಿಸದೆ ಬಿಟ್ಟ ಸಾಲಕ್ಕೆ ಚಕ್ರಬಡ್ಡಿ ಬೆಳೆದ ಹಾಗೆ. ಮೊದಲ ಹತ್ತು ವರ್ಷ ಏನೂ ಆಗಿಲ್ಲವೆಂಬಂತೆ ಇದ್ದು, ಕೊನೆಯ ಕೆಲವು ವಾರಗಳಲ್ಲಿ ದಡಬಡ ಮುಗಿದುಹೋಗುತ್ತದೆ.

ಇದರಲ್ಲಿ ಸೂರ್ಯನ ಕೈವಾಡವೂ ಇದೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯ ಹೆಚ್ಚು ಚಟುವಟಿಕೆಯಿಂದ ಇರುತ್ತಾನೆ. ಆಗ ಭೂಮಿಯ ಮೇಲ್ಪದರದ ಗಾಳಿ ಕಾದು ಹಿಗ್ಗುತ್ತದೆ, ಎತ್ತರದಲ್ಲಿರುವ ಉಪಗ್ರಹಗಳಿಗೂ ತಡೆ ಹೆಚ್ಚುತ್ತದೆ. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಎಣಿಸಿದ್ದಕ್ಕಿಂತ ಬೇಗ, 1979ರ ಜುಲೈ 11ರಂದು ಬಿದ್ದದ್ದು ಹೀಗೆ. ನಾನಿಗೆ ಅದು ಚೆನ್ನಾಗಿ ನೆನಪಿದೆ. ನಮ್ಮ ತಲೆ ಮೇಲೆಯೇ ಬೀಳುತ್ತದೆ ಎಂದು ಹೆದರಿ ಓಣಿಯಲ್ಲಿ ಕೋಳಿಗಳನ್ನೆಲ್ಲ ಕೊಯ್ದು ತಿಂದುಬಿಟ್ಟರಂತೆ, ಸಾಯುವುದೇ ಆದರೆ ಉಂಡಾದರೂ ಸಾಯೋಣ ಎಂದು. ಅದು ಹೋಗಿ ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ. ಕೋಳಿಗಳ ನಷ್ಟ ಯಾರ ಖಾತೆಗೂ ಬರಲಿಲ್ಲ! ಆರ್ಯಭಟ ಆ ಸಲದ ಸೂರ್ಯನ ಅಬ್ಬರ ದಾಟಿಕೊಂಡಿತು. ಮುಂದಿನದು 1989ರ ಸುಮಾರಿಗೆ ಬಂತು. ಅದಾದ ಮೂರು ವರ್ಷದೊಳಗೆ ಆರ್ಯಭಟನೂ ಇಲ್ಲವಾದ.

ಗೆಳೆಯನ ಮಾತಿನಲ್ಲಿ ನನಗೆ ನಿಜವಾಗಿ ಒಪ್ಪಿಗೆಯಾಗದ್ದು "ಖಾತೆ ಮುಚ್ಚಬೇಕು" ಎಂಬುದು. ಕೆಲಸ ನಿಂತ ದಿನ ಆಸ್ತಿಯ ಖಾತೆ ಮುಚ್ಚಬಹುದು, ಹೊಣೆಯ ಖಾತೆ ಮುಚ್ಚುವುದಿಲ್ಲ. ಕೆಟ್ಟ ಉಪಗ್ರಹ ಮೇಲೆ ಸುತ್ತುತ್ತಿರುವಷ್ಟು ದಿನ ಬೇರೆಯವರ ಉಪಗ್ರಹಕ್ಕೆ ಬಡಿಯಬಹುದು, ಬೀಳುವಾಗ ಯಾರದೋ ನೆಲದ ಮೇಲೆ ಬೀಳಬಹುದು. 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ ನೆಲದ ಮೇಲಾದ ಹಾನಿಗೆ ಹಾರಿಸಿದ ದೇಶವೇ ಪರಿಹಾರ ಕೊಡಬೇಕು. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಎಂಬ ಉಪಗ್ರಹ ಕೆನಡಾದ ಮೇಲೆ ಬಿತ್ತು. ಅದರಲ್ಲಿ ಅಣುಇಂಧನ ಇತ್ತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, ಸೋವಿಯತ್ 1981ರಲ್ಲಿ ಒಪ್ಪಿದ್ದು 30 ಲಕ್ಷ ಕೆನಡಾ ಡಾಲರ್‌ಗೆ. ಚೌಕಾಸಿ ನಮ್ಮ ಶುಕ್ರವಾರದ ಸಂತೆಗೆ ಮಾತ್ರ ಮೀಸಲಲ್ಲ.

ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ನಮಗೆಲ್ಲ ಗೊತ್ತು. ಅದಿರು ತೆಗೆದಷ್ಟೂ ಬರಿದಾಗುವ ಇಂಥ ಆಸ್ತಿಯನ್ನು ಸವಕಳಿ ಪಾಠದಲ್ಲಿ ಬೇರೆಯಾಗಿಯೇ ಲೆಕ್ಕ ಹಾಕುತ್ತೇವೆ. ಗಣಿ ಮುಗಿದ ಮೇಲೆ ಆ ಗುಂಡಿ, ಆ ಮಣ್ಣಿನ ಗುಡ್ಡೆ ಏನು ಮಾಡುತ್ತೀರಿ ಎಂಬ ಯೋಜನೆಯನ್ನು ಗಣಿಗಾರಿಕೆ ನಿಯಮಗಳು ಮೊದಲೇ ಕೇಳುತ್ತವೆ. ಆಕಾಶದಲ್ಲೂ ಈಗ ಅದೇ ಆಗುತ್ತಿದೆ. ಕೆಲಸ ಮುಗಿದ 25 ವರ್ಷದೊಳಗೆ ಉಪಗ್ರಹ ಕೆಳಗಿಳಿಯಬೇಕು ಎಂಬುದು ಬಹಳ ದೇಶಗಳು ಒಪ್ಪಿದ ಮಾರ್ಗಸೂಚಿ. ಅಮೆರಿಕ 2022ರಲ್ಲಿ ತನ್ನ ಕಂಪನಿಗಳಿಗೆ ಇದನ್ನು ಐದು ವರ್ಷಕ್ಕೆ ಇಳಿಸಿತು. ಆರ್ಯಭಟನ ಕಾಲದಲ್ಲಿ ಈ ನಿಯಮ ಇರಲಿಲ್ಲ. ಆದರೂ ನಾನು ಎಣಿಸಿ ನೋಡಿದೆ: 1981ರಿಂದ 1992ಕ್ಕೆ ಹನ್ನೊಂದು ವರ್ಷ. ಪಾಸು.

ನಮ್ಮ ಇಸ್ರೋ ಈ ಹೊಣೆಯನ್ನು ಹೇಗೆ ತೀರಿಸುತ್ತಿದೆ ಎಂಬುದಕ್ಕೆ ಎರಡು ಉದಾಹರಣೆ ನನಗೆ ಬಹಳ ಇಷ್ಟವಾದವು. 2011ರ ಅಕ್ಟೋಬರ್‌ನಲ್ಲಿ ಹಾರಿದ ಮೇಘಾ-ಟ್ರಾಪಿಕ್ಸ್-1ರ ಅಂದಾಜು ಆಯುಷ್ಯ ಮೂರು ವರ್ಷ. ದುಡಿದದ್ದು 2021ರವರೆಗೆ. ಅದು ಇದ್ದ ಸುಮಾರು 867 ಕಿ.ಮೀ. ಎತ್ತರದಿಂದ ತಾನಾಗಿ ಬೀಳಲು ನೂರು ವರ್ಷಕ್ಕೂ ಹೆಚ್ಚು ಬೇಕಿತ್ತು. ಉಳಿದಿದ್ದ ಇಂಧನ ಬಳಸಿ ಅದನ್ನು ಇಳಿಸುತ್ತಾ ಬಂದು 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಬೀಳಿಸಿದರು. ಇನ್ನೊಂದು ಕಾರ್ಟೋಸ್ಯಾಟ್-2. ಅದು 2007ರ ಜನವರಿಯಲ್ಲಿ ಹಾರಿದ್ದು. ಸುಮ್ಮನೆ ಬಿಟ್ಟಿದ್ದರೆ ಕೆಳಗೆ ಬರಲು ಸುಮಾರು 30 ವರ್ಷ ಬೇಕಾಗುತ್ತಿತ್ತು. 2020ರಲ್ಲಿ ಅದರ ಕಕ್ಷೆಯ ಒಂದು ತುದಿಯನ್ನು 635 ಕಿ.ಮೀ.ನಿಂದ 380 ಕಿ.ಮೀ.ಗೆ ತಗ್ಗಿಸಿದರು, ಮಿಕ್ಕ ಕೆಲಸ ಗಾಳಿಗೆ ಬಿಟ್ಟರು. 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದು ಮುಗಿಯಿತು. ಕೊನೆಯ ಹನಿ ಇಂಧನವನ್ನು ದುಡಿಮೆಗೆ ಸುರಿಯದೆ ಮನೆಗೆ ಮರಳಲು ಉಳಿಸಿಕೊಂಡದ್ದು. ನಮ್ಮ ಪುಸ್ತಕದ ಭಾಷೆಯಲ್ಲಿ ಇದಕ್ಕೆ ಮುನ್ನೇರ್ಪಾಡು ಎನ್ನಬಹುದು. 2030ರ ಹೊತ್ತಿಗೆ ಭಾರತದ ಸರ್ಕಾರಿ, ಖಾಸಗಿ ಎಲ್ಲ ಯಾನಗಳೂ ಆಕಾಶದಲ್ಲಿ ಕಸ ಬಿಡದಂತೆ ನಡೆಯಬೇಕು ಎಂಬ ಗುರಿಯನ್ನು ಇಸ್ರೋ 2024ರಲ್ಲಿ ಪ್ರಕಟಿಸಿದೆ.

ಆದರೆ ಬಹಳ ಸಣ್ಣ ಉಪಗ್ರಹಗಳಲ್ಲಿ ಇಂಧನಕ್ಕೆ, ಎಂಜಿನ್ನಿಗೆ ಜಾಗವೇ ಇರುವುದಿಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಸ್ಟುಡ್‌ಸ್ಯಾಟ್ ಎಂಬುದನ್ನು ಕಟ್ಟಿದ್ದರು. ತೂಕ ಒಂದು ಕಿಲೋಗಿಂತ ಕಡಿಮೆ, ಗಾತ್ರ ದೊಡ್ಡ ಟಿಫಿನ್ ಡಬ್ಬಿಯಷ್ಟು. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ 694 ಕಿಲೋದ ಕಾರ್ಟೋಸ್ಯಾಟ್-2ಬಿ ಜೊತೆಗೆ ಒಂದೇ ರಾಕೆಟ್‌ನಲ್ಲಿ ಹೋಯಿತು. ಲಾರಿಯ ಪಕ್ಕ ಸೈಕಲ್ ಕಟ್ಟಿಕೊಂಡು ಹೋದ ಹಾಗೆ. ಇಂಥವು ಇಳಿಯುವುದು ಗಾಳಿಯ ಕೃಪೆಯಿಂದಲೇ. ಹಾಗಾಗಿ ಹೊಣೆ ಚುಕ್ತಾ ಮಾಡುವ ತೀರ್ಮಾನ ಹಾರಿಸುವ ದಿನವೇ, ಎಷ್ಟು ಎತ್ತರದಲ್ಲಿ ಬಿಡುತ್ತೇವೆ ಎನ್ನುವಲ್ಲೇ ಆಗಿಬಿಡುತ್ತದೆ. ವಿದ್ಯಾರ್ಥಿಗಳ ಉಪಗ್ರಹ ತಂಡದಲ್ಲಿ ಒಬ್ಬ ಲೆಕ್ಕದವನಿಗೂ ಜಾಗ ಕೊಡಬೇಕು ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದಾಗಲೇ. ನಗಬೇಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ.

ತಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಬೀಳುತ್ತದೆ, ಆದರೆ ನೆಲ ಮುಟ್ಟುವ ಮೊದಲೇ ಹೆಚ್ಚಿನದು ಉರಿದುಹೋಗುತ್ತದೆ ಎಂದೆ. ಅವನಿಗೆ ಅಷ್ಟು ಸಾಕಾಯಿತು. ನೀವೂ ನೋಡಬೇಕೆಂದರೆ ಸೂರ್ಯ ಮುಳುಗಿದ ಒಂದು ತಾಸಿನೊಳಗೆ ಮಾಳಿಗೆ ಹತ್ತಿ. ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಇರುತ್ತದೆ, ಅದಕ್ಕೇ ಅವು ಹೊಳೆಯುತ್ತವೆ. ಕೆಂಪು ದೀಪ ಮಿನುಗಿದರೆ ಅದು ವಿಮಾನ.

ಈ ಲೇಖನವನ್ನು ಕೊಡುವ ಮುನ್ನ ಗೆಳೆಯನಿಗೆ ಓದಲು ಕೊಟ್ಟೆ. ಕಣ್ಣಿಗೆ ಕಾಣದ ಆಸ್ತಿ ಎಂದರೆ ಒಪ್ಪುತ್ತೇನೆ, ಆದರೆ ಅದರ ಬೆಲೆ ಎಷ್ಟೆಂದು ಅಢಾವೆ ಪತ್ರಿಕೆಯಲ್ಲಿ ಬರೆಯುತ್ತೀ, ಮೊತ್ತ ಹೇಳು ಎಂದು ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದು ಹಿಂದಿರುಗಿಸಿದ್ದಾನೆ. ಮೊತ್ತ ನನಗೂ ಹೊಳೆದಿಲ್ಲ. ಯಾರಿಗಾದರೂ ಹೊಳೆದರೆ ಮುಂದಿನ ಸಂಚಿಕೆಗೆ ಬರೆಯಿರಿ. ಸರ್ ಕೂಡ ನೋಡುತ್ತೇನೆ ಎಂದಿದ್ದಾರೆ.